ಹೆಗ್ಗಣದ ಕಣಜ

ವರ್ಷಕ್ಕೆ ಬೇಕಾಗುವ ಜೋಳವನ್ನೂ ತೊಗರಿಯನ್ನೂ ಸುಗ್ಗಿಯಲ್ಲಿಯೇ ಕೊಂಡು ತುಂಬಿಡುವ ಪದ್ಧತಿ ನಮ್ಮ ಕಲಬುರಗಿಯ ಮನೆಗಳಿಂದ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಫಾಲ್ಗುಣ ಬಂತೆಂದರೆ ಬಿಳಿಜೋಳದ ಚೀಲಗಳು ಅಡುಗೆಮನೆಯ ಮಗ್ಗುಲಿನ ಕೋಣೆಯನ್ನು ಸೇರುತ್ತವೆ. ಕಾಳಿಗೆ ಒಣಗಿದ ಬೇವಿನ ಎಲೆ ಬೆರೆಸಿ, ಚೀಲಗಳ ಬಾಯಿ ಹೊಲಿದು ಒಟ್ಟಿದ ಮೇಲೆ ಮನೆಯ ಯಜಮಾನಿತಿಯ ಮುಖದಲ್ಲಿ ಮೂಡುವ ನೆಮ್ಮದಿಯನ್ನು ನೋಡಿಯೇ ತಿಳಿಯಬೇಕು. ಆದರೆ ಆ ನೆಮ್ಮದಿ ಹೆಚ್ಚೆಂದರೆ ಎಂಟು ದಿನದ್ದು. ಒಂಬತ್ತನೆಯ ರಾತ್ರಿ ಕೋಣೆಯ ಮೂಲೆಯಿಂದ ಕರಕರ ಸದ್ದು ಕೇಳಿಬರುತ್ತದೆ. ಬೆಳಿಗ್ಗೆ ನೋಡಿದರೆ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಗಳ ಸಂದಿಯಿಂದ ಒಂದು ಬುಟ್ಟಿಯಷ್ಟು ಮಣ್ಣು ಮೇಲೆದ್ದಿರುತ್ತದೆ. ಅಜ್ಜಿ ಒಂದು ಉಪಾಯ ಹೇಳುತ್ತಾರೆ, ಅಳಿಯ ಇನ್ನೊಂದು ಹೇಳುತ್ತಾನೆ. ಕೊನೆಗೆ ಎಲ್ಲರೂ ಒಪ್ಪುವುದು ಅಂಗಡಿಯ ವಿಷದ ಪೊಟ್ಟಣವನ್ನು.

ಹೆಗ್ಗಣವನ್ನು ಕೊಲ್ಲುವ ಬಗೆಯನ್ನು ಬಲ್ಲವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಅದು ಬದುಕುವ ಬಗೆಯನ್ನು ಬಲ್ಲವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಹೆಗ್ಗಣದೊಡನೆ ನಾವು ಹೂಡುವ ಯುದ್ಧದಲ್ಲಿ ಪ್ರತಿಸಲವೂ ಸೋಲುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಈ ಪ್ರಾಣಿಗೆ ನಮ್ಮ ಭಾಷೆಯಲ್ಲಿ ಗೌರವ ದೊರೆತದ್ದು ಕಡಿಮೆ. ಕುರೂಪಕ್ಕೆ ಉದಾಹರಣೆ ಬೇಕಾದಾಗ ನಮ್ಮ ಹಿರಿಯರು ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಕಟ್ಟಿದರು. ಸಾರ್ವಜನಿಕರ ಹಣ ನುಂಗಿದವನನ್ನು ಪತ್ರಿಕೆಗಳು ಇಂದಿಗೂ ಹೆಗ್ಗಣವೆಂದೇ ಕರೆಯುತ್ತವೆ. ಗಣಪತಿಯ ವಾಹನವನ್ನು ಇಲಿಯೆಂದು ನಾವು ಪೂಜಿಸುತ್ತೇವಾದರೂ, ಸ್ವಾಮಿಯ ಹೊಟ್ಟೆಯ ಗಾತ್ರವನ್ನು ನೋಡಿದರೆ ಅದು ಹೆಗ್ಗಣವೇ ಇದ್ದಿರಬೇಕೆಂಬ ಸಂಶಯ ನನಗಿದೆ. ಹೆಬ್ಬುಲಿ, ಹೆಬ್ಬಾವು, ಹೆಜ್ಜೇನುಗಳ ಸಾಲಿನಲ್ಲಿಯೇ ಕಿವಿಗೆ ಬೀಳುವ ಹೆಸರು ಇದರದು. ನೆರೆಯ ತೆಲುಗರು ಇದನ್ನು ‘ಪಂದಿಕೊಕ್ಕು’ ಎನ್ನುತ್ತಾರೆ. ಹಂದಿಯಂಥ ಇಲಿ ಎಂದು ಅದರ ಅರ್ಥ. ಸಿಕ್ಕಿಬಿದ್ದಾಗ ಬೆನ್ನಿನ ಒರಟು ಕೂದಲನ್ನು ನಿಮಿರಿಸಿ ಹಂದಿಯಂತೆ ಗುರುಗುಟ್ಟುವುದನ್ನು ಕೇಳಿದವರಿಗೆ ಈ ಹೆಸರಿನ ಔಚಿತ್ಯ ಮನದಟ್ಟಾಗುತ್ತದೆ. ಆಂಗ್ಲರು ಈ ತೆಲುಗು ಮಾತನ್ನೇ ತಿರುಚಿ ‘ಬ್ಯಾಂಡಿಕೂಟ್’ ಎಂದರು. ಆಮೇಲೆ ಅದನ್ನು ಹಡಗಿನಲ್ಲಿ ಒಯ್ದು ಆಸ್ಟ್ರೇಲಿಯದ ಯಾವುದೋ ಸಂಬಂಧವಿಲ್ಲದ ಚೀಲಹೊಟ್ಟೆಯ ಪ್ರಾಣಿಗೂ ಅಂಟಿಸಿದರು!

ನಮ್ಮಲ್ಲಿರುವ ಹೆಗ್ಗಣಗಳಲ್ಲಿ ಎರಡು ಜಾತಿ. ದೊಡ್ಡ ಹೆಗ್ಗಣ ಬೆಕ್ಕಿನ ಮರಿಯನ್ನೂ ಮೀರಿ ಬೆಳೆಯುತ್ತದೆ. ಮನೆಯ ಹಿತ್ತಿಲು, ಚರಂಡಿ, ಕೊಟ್ಟಿಗೆ, ಆವರಣದ ಗೋಡೆಯ ಬುಡ ಇದರ ಠಾವು. ಎಂಜಲು, ಕಾಳು, ಹಣ್ಣಿನ ಸಿಪ್ಪೆ, ಮಾಂಸದ ಚೂರು, ಏನಾದರೂ ಆದೀತು. ಸಣ್ಣ ಹೆಗ್ಗಣ ಸುಮಾರು ಕಾಲು ಕಿಲೋ ತೂಗುವಂಥದು. ಹೊಲದ ಬದು ಅದರ ತವರುಮನೆ, ಊರಿನ ಗೋದಾಮು ಗಂಡನ ಮನೆಯೆನ್ನಬಹುದು. ಜೋಳ, ಗೋಧಿ, ಭತ್ತದ ತೆನೆ, ಶೇಂಗಾ, ಕಬ್ಬಿನ ಬುಡ, ಹುಲ್ಲಿನ ಬೇರು, ಗೆಡ್ಡೆ ಇವು ಅದರ ಆಹಾರ. ಹುಳು, ಬಸವನಹುಳು, ಗದ್ದೆಯ ಏಡಿ ಸಿಕ್ಕರೂ ಬಿಡುವುದಿಲ್ಲ. ಇವೆರಡೂ ನಿಶಾಚರಿಗಳು, ಈಜುವುದನ್ನು ಬಲ್ಲವು. ಆದರೆ ಕೂಡಿಡುವ ವಿದ್ಯೆಯಲ್ಲಿ ಸಣ್ಣದನ್ನು ಮೀರಿಸಿದವರಿಲ್ಲ. ಈ ಲೇಖನದ ನಾಯಕ ಅದೇ.

ಈ ಕೂಡಿಡುವ ಗುಣದ ವಿಶೇಷ ತಿಳಿಯಬೇಕಾದರೆ ದೂರದ ಇನ್ನೊಂದು ಬಿಲವಾಸಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಹೊಲಗಳಲ್ಲಿ ವುಡ್‌ಚಕ್ ಎಂಬ ದಪ್ಪನೆಯ ಪ್ರಾಣಿಯಿದೆ. ಗ್ರೌಂಡ್‌ಹಾಗ್ ಎಂಬುದು ಅದರ ಇನ್ನೊಂದು ಹೆಸರು. ಅದೂ ಅಳಿಲು ಇಲಿಗಳಂತೆ ಕತ್ತರಿಹಲ್ಲಿನದೇ, ಅದೂ ರೈತನ ವೈರಿಯೇ. ಹಸಿ ಹುಲ್ಲು, ಕ್ಲೋವರ್ ಸೊಪ್ಪು, ಬಟಾಣಿ, ಅವರೆಯ ಕುಡಿ ಎಂದು ಬೇಸಿಗೆಯುದ್ದಕ್ಕೂ ಹಾಡೇ ಹಗಲು ಮೇಯ್ದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಆದರೆ ಬಿಲದಲ್ಲಿ ಒಂದು ಕಾಳನ್ನೂ ಕೂಡಿಡುವುದಿಲ್ಲ. ಹಿಮ ಬೀಳುವ ಹೊತ್ತಿಗೆ ಬಿಲ ಸೇರಿ ಸುರುಳಿ ಸುತ್ತಿಕೊಂಡು ಮಲಗಿದರೆ ಮುಗಿಯಿತು. ನಿಮಿಷಕ್ಕೆ 80ಕ್ಕೂ ಹೆಚ್ಚು ಸಲ ಬಡಿಯುವ ಗುಂಡಿಗೆ ನಾಲ್ಕೈದು ಬಡಿತಕ್ಕೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಕೂಡಿಟ್ಟ ಕೊಬ್ಬು ಹನಿಹನಿಯಾಗಿ ಕರಗುತ್ತ ಚಳಿಗಾಲ ಕಳೆಯುತ್ತದೆ. ಪೆನ್ಸಿಲ್ವೇನಿಯದ ಪಂಕ್ಸುಟಾನಿ ಎಂಬ ಊರಿನಲ್ಲಿ 1887ರಿಂದಲೂ ಫೆಬ್ರವರಿ 2ರಂದು ಈ ಪ್ರಾಣಿಯನ್ನು ಹೊರತೆಗೆದು, ಅದಕ್ಕೆ ತನ್ನ ನೆರಳು ಕಂಡಿತೋ ಇಲ್ಲವೋ ಎಂದು ನೋಡಿ ಚಳಿ ಇನ್ನೆಷ್ಟು ದಿನವೆಂದು ಭವಿಷ್ಯ ಹೇಳುತ್ತಾರೆ. ನಮ್ಮ ಹಾಲಕ್ಕಿಯ ಶಕುನಕ್ಕಿಂತ ಅದು ಹೆಚ್ಚು ಶಾಸ್ತ್ರೀಯವೆಂದು ನನಗೆ ತೋರಲಿಲ್ಲ.

ವುಡ್‌ಚಕ್ಕಿಗೆ ತನ್ನ ಮೈಯೇ ಕಣಜ. ನಮ್ಮ ಹೆಗ್ಗಣಕ್ಕೆ ನಿದ್ರೆಯ ಆ ವರವಿಲ್ಲ. ಕಲಬುರಗಿಯಲ್ಲಿ ಹಿಮವೆಲ್ಲಿಯದು? ಇಲ್ಲಿನ ಕಷ್ಟಕಾಲವೆಂದರೆ ಸುಗ್ಗಿ ಮುಗಿದು ಮಳೆ ಬೀಳುವವರೆಗಿನ ಬೋಳು ಬೇಸಿಗೆ. ಆ ದಿನಗಳಲ್ಲಿಯೂ ಅದು ಎಚ್ಚರವಾಗಿದ್ದು ಉಣ್ಣಬೇಕು. ಆದುದರಿಂದ ಅದು ಕಣಜವನ್ನು ನೆಲದೊಳಗೆ ಕಟ್ಟುತ್ತದೆ.

ಅಂಥ ಒಂದು ಕಣಜವನ್ನು ಕಮಲಾಪುರದಲ್ಲಿ ಕಣ್ಣಾರೆ ನೋಡುವ ಯೋಗ ನನಗೆ ಒದಗಿತು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ಹೋದರೆ ಸಿಗುವ ಈ ಊರು ತನ್ನ ಕೆಂಪು ಬಾಳೆಗೆ ಹೆಸರಾದದ್ದು. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆಗೆ ಅಲ್ಲಿ ಒಂದಿಷ್ಟು ಬಾಳೆ, ಅದರಾಚೆ ಬಿಳಿಜೋಳದ ಹೊಲ. ಜೋಳ ಕೊಯ್ದು ನಾಲ್ಕು ದಿನವಾಗಿತ್ತು. ಬಾಳೆಗೆ ಹರಿಸಿದ ನೀರು ಗಿಡ ಮುಟ್ಟುವ ಮೊದಲೇ ಬದುವಿನಲ್ಲಿ ಮಾಯವಾಗುತ್ತಿತ್ತು. ಬದುವಿನುದ್ದಕ್ಕೂ ಹೊಸ ಮಣ್ಣಿನ ಸಣ್ಣ ಸಣ್ಣ ಗುಡ್ಡೆಗಳು. ಆದರೆ ಬಿಲದ ಬಾಯಿ ಮಾತ್ರ ಕಾಣದು.

“ಬಿಲ ಎಲ್ಲಿದೆ ಕಾಕಾ?” ಎಂದು ಕೇಳಿದೆ.

“ಆ ಮಣ್ಣಿನ ಕೆಳಗೇ ಅದರಿ ಸರ. ಬಾಗಿಲಾ ಮುಚ್ಚಿತ್ತಂದ್ರ ಹೆಗ್ಗಣ ಮನ್ಯಾಗ ಅದ ಅಂತ ಲೆಕ್ಕ. ತೆರದಿತ್ತಂದ್ರ ಖಾಲಿ ಮನಿ ಅನ್ರಿ.”

ಗೃಹಸ್ಥರಾದ ನಮಗೆ ಇದು ವಿಪರೀತವೆನಿಸಿದರೂ ಜೀವಶಾಸ್ತ್ರದ ಗ್ರಂಥಗಳು ಹೇಳುವುದೂ ಇದನ್ನೇ. ಒಳಗೆ ಸೇರಿದ ಮೇಲೆ ಹೆಗ್ಗಣ ಸಡಿಲ ಮಣ್ಣಿನಿಂದ ಬಾಯಿಯನ್ನು ಒಳಗಿನಿಂದಲೇ ಜಡಿದುಕೊಳ್ಳುತ್ತದೆ. ಹಾವಿಗೂ ಮುಂಗುಸಿಗೂ ಅದು ಅಗಳಿ ಹಾಕಿದಂತೆ. ಆಳುಮಗ ಗುದ್ದಲಿ ಹಾಕಿದ. ಸುರಂಗ ಒಂದು ಮೊಳದಷ್ಟು ಕೆಳಗಿಳಿದು ಬದುವಿನುದ್ದಕ್ಕೆ ಹೊರಳಿತು, ಕವಲೊಡೆಯಿತು. ಒಂದು ಕವಲು ಮೇಲಕ್ಕೆ ಹೋಗಿ ನೆಲದ ಪದರಕ್ಕೆ ಎರಡು ಬೆರಳು ಬಾಕಿ ಇರುವಂತೆ ನಿಂತಿತ್ತು. ಅಪಾಯ ಬಂದಾಗ ತಲೆಯಿಂದ ಗುದ್ದಿ ಹಾರಿಹೋಗುವ ಗುಪ್ತದ್ವಾರ ಅದು. ನಡುವೆ ಹುಲ್ಲು, ಜೋಳದ ರವದಿ ಹಾಸಿದ ಮಲಗುವ ಕೋಣೆ. ಅದರಾಚೆ ಕಣಜ. ತೊಟ್ಟಿನ ಬುಡಕ್ಕೆ ಕತ್ತರಿಸಿದ ಜೋಳದ ತೆನೆಯ ತುಂಡುಗಳು, ಉದುರಿದ ಕಾಳು, ಒಂದಿಷ್ಟು ತೊಗರಿ. ಎಲ್ಲ ಕೂಡಿದರೆ ನಾಲ್ಕೈದು ಬೊಗಸೆ ಇದ್ದೀತು. ಮನೆಯ ಮಾಲಿಕ ಅಷ್ಟರಲ್ಲಿ ಗುಪ್ತದ್ವಾರದಿಂದ ಪಾರಾಗಿದ್ದ. ಒಂದು ಬಿಲಕ್ಕೆ ಸಾಮಾನ್ಯವಾಗಿ ಬೆಳೆದ ಹೆಗ್ಗಣ ಒಂದೇ, ಅಥವಾ ಮರಿಗಳೊಡನೆ ತಾಯಿ. ಇವು ಒಂಟಿ ಸಂಸಾರಿಗಳು. ಕೂಡುಕುಟುಂಬ ಇವಕ್ಕೆ ಒಗ್ಗದು.

ಕಾಕಾ ಆ ಕಾಳನ್ನು ಬೊಗಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹೇಳಿದರು: “ಎಪ್ಪತ್ತೆರಡರ ಬರದಾಗ ನಾ ಸಣ್ಣ ಹುಡುಗರಿ. ನಮ್ಮವ್ವ ಇಂಥಾ ಬಿಲಾ ಅಗದು ಕಾಳ ತಂದು, ತೊಳದು ಒಣಗಿಸಿ ಬೀಸಿ, ರೊಟ್ಟಿ ಬಡದು ಹಾಕ್ಯಾಳ. ಇದಕ್ಕ ಬೈತೀವಿ ಖರೆ, ಆದ್ರ ಇದರ ಋಣಾನೂ ನಮ್ಮ ಮ್ಯಾಲ ಅದ.”

ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. 1972ರ ಬರವನ್ನು ಪುಸ್ತಕದಲ್ಲಿ ಓದಿದ ತಲೆಮಾರಿನವನು ನಾನು.

ಆ ತಾಯಿ ಮಾಡಿದ್ದು ಹೊಸದೇನೂ ಅಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷಗಳ ಹಿಂದಿನ ಸಾಕ್ಷಿಯೊಂದಿದೆ. ಸಾಕ್ಷಿದಾರ ವಾಲ್ಟರ್ ಎಲಿಯಟ್. ಈತನ ಹೆಸರು ಕನ್ನಡಿಗರಿಗೆ ಎರಡು ಕಾರಣಗಳಿಂದ ಪರಿಚಿತವಾಗಿರಬೇಕು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಅವನು ಈ ನಾಡಿನ ಮೇಲೆ ಹಗೆ ಸಾಧಿಸದೆ ನೂರಾರು ಕನ್ನಡ ಶಾಸನಗಳನ್ನು ಪ್ರತಿ ಮಾಡಿಸಿ ಕೂಡಿಟ್ಟ. ಇದು ಎರಡನೆಯ ಕಾರಣ. ಕನ್ನಡದ ಪಾಠ ಹೇಳುವ ನನಗೆ ಶಾಸನದ ಎಲಿಯಟ್ ಗೊತ್ತಿದ್ದ. ಇಲಿಗಳ ಎಲಿಯಟ್ ಸಿಕ್ಕದ್ದು ಆಮೇಲೆ. ಧಾರವಾಡದ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಅವನು 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ. ಹೊಲದ ಸಣ್ಣ ಹೆಗ್ಗಣಕ್ಕೆ ಜನ ಹೇಳುತ್ತಿದ್ದ ‘ಕೊಕ್’ ಎಂಬ ಹೆಸರನ್ನು ಬರೆದು, ಗರಿಕೆಯ ಬೇರು ಅದಕ್ಕೆ ಪ್ರಿಯವೆಂದೂ, ಒಂದೊಂದು ಬಿಲದಲ್ಲಿ ಅರ್ಧ ಸೇರು, ಕೆಲವೊಮ್ಮೆ ಇಡೀ ಸೇರು ಜೋಳ ಸಿಗುತ್ತಿತ್ತೆಂದೂ, ಕೆರೆಕಟ್ಟೆ ಕಟ್ಟುವ ಕಸುಬಿನ ಜನ ಸುಗ್ಗಿಯ ದಿನಗಳಲ್ಲಿ ಅದನ್ನು ಅಗೆದು ತಂದು ಜೀವಿಸುತ್ತಿದ್ದರೆಂದೂ ಅವನು ಹೇಳುತ್ತಾನೆ.

ಅದೇ ಬರಹದಲ್ಲಿ ಇನ್ನೊಂದು ಸಂಗತಿಯಿದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಮೆತ್ತನೆಯ ಕೂದಲಿನ ಒಂದು ಹೊಲದ ಇಲಿಯುಂಟು. ಅದಕ್ಕೆ ಬಿಲ ತೋಡುವ ಶ್ರಮವೂ ಬೇಡ. ಬೇಸಿಗೆಯಲ್ಲಿ ಎರೆಭೂಮಿ ಬಾಯಿಬಿಟ್ಟ ಬಿರುಕುಗಳಲ್ಲಿಯೇ ಅದರ ಸಂಸಾರ. ಮೊದಲ ಮಳೆಗಳು ಜೋರಾಗಿ ಬಿದ್ದಾಗ ಮಣ್ಣು ಹಿಗ್ಗಿ, ಬಿರುಕು ಕೂಡಿಕೊಂಡು, ಇಲಿಗಳು ಹಿಂಡುಹಿಂಡಾಗಿ ಒಳಗೇ ಸಮಾಧಿಯಾಗುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದವು. ತೆನೆ ಬಲಿತಾಗ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದುದನ್ನು ಎಲಿಯಟ್ ತಾನೇ ಕಂಡ. ಡಜನ್ ಲೆಕ್ಕದಲ್ಲಿ ಕಾಳು ಅಳೆದುಕೊಟ್ಟು ಇಲಿ ಕೊಲ್ಲಿಸಿದರು. ಸಾವಿರಗಟ್ಟಲೆ ಸತ್ತರೂ ಸಂಖ್ಯೆ ಕಡಿಮೆಯಾದಂತೆ ತೋರಲಿಲ್ಲವಂತೆ. ಎರೆಭೂಮಿಯ ನಮ್ಮ ಜಿಲ್ಲೆಯವರು ಈ ಮಾತನ್ನು ಮರೆಯಬಾರದು. ಮಳೆ ತಡೆದ ವರ್ಷ ರೈತನಿಗೆ ಒಂದಲ್ಲ, ಎರಡು ಪೆಟ್ಟು.

ಸಾವಿರ ಕೊಂದರೂ ಕಡಿಮೆಯಾಗದಿರುವುದಕ್ಕೆ ಕಾರಣ ಸರಳವಾದ ಗಣಿತ. ಹೆಗ್ಗಣಕ್ಕೆ ಗರ್ಭ ನಿಲ್ಲುವುದು ಮೂರು ವಾರಗಳಿಗೆ ತುಸು ಹೆಚ್ಚು ಕಾಲ. ಒಂದು ಸೂಲಿಗೆ ಆರೆಂಟು ಮರಿ. ಮೂರು ತಿಂಗಳ ಹೊತ್ತಿಗೆ ಮರಿಗಳೇ ತಾಯಂದಿರು. ಬಾಳುವುದು ವರ್ಷವೊಂದಾದರೂ ಅಷ್ಟರಲ್ಲಿ ಮೊಮ್ಮಕ್ಕಳ ಮುಖ ನೋಡಿಯೇ ಹೋಗುತ್ತದೆ. ಹೊಟ್ಟೆಗೆ ಇದ್ದಷ್ಟೂ ಹೆರಿಗೆ ಹೆಚ್ಚು. ಹೊಟ್ಟೆಗೆ ಹಾಕುತ್ತಿರುವವರು ನಾವೇ. ಕಾಲುವೆಯ ನೀರು ಬಂದ ಹೊಲಗಳಲ್ಲಿ ಒಣನೆಲದ ಬಯಲಿಲಿ ಹಿಂದೆ ಸರಿದು, ತೇವವನ್ನು ಬಯಸುವ ಸಣ್ಣ ಹೆಗ್ಗಣ ಅದರ ಜಾಗ ಹಿಡಿಯುವುದನ್ನು ದೇಶದ ಹಲವೆಡೆ ಕಂಡಿದ್ದಾರೆ. ಹೊಲದ ಪೈರು ಕೊಯ್ಲಾದರೆ ಊರಿನಲ್ಲಿ ಉಗ್ರಾಣವುಂಟು. ನಮ್ಮ ನೆಹರು ಗಂಜಿನ ಅಡತಿ ಅಂಗಡಿಗಳು, ತೊಗರಿಯ ದಾಲ್ ಮಿಲ್ಲುಗಳು, ಸೂಪರ್ ಮಾರ್ಕೆಟ್ಟಿನ ಹಿಂಬದಿಯ ಚರಂಡಿಗಳು ವರ್ಷವಿಡೀ ತೆರೆದ ಅನ್ನಛತ್ರವಲ್ಲದೆ ಮತ್ತೇನು?

ಹಿಂದಿನವರು ಇದಕ್ಕೆ ಎದುರಾಗಿ ಹಗೇವು ಕಟ್ಟಿದ್ದರು. ನೆಲದಲ್ಲಿ ಆಳವಾದ ಗುಂಡಿ, ಕಿರಿದಾದ ಬಾಯಿ, ಒಳಗೋಡೆಗೆ ಒಣಹುಲ್ಲು. ಕಾಳು ತುಂಬಿ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದು. ಒಳಗಿನ ಕಾಳೇ ಉಸಿರಾಡಿ ಪ್ರಾಣವಾಯುವನ್ನು ಮುಗಿಸುವುದರಿಂದ ಹುಳವೂ ಬದುಕದು. ಹಗೇವು ತೆರೆದೊಡನೆ ಇಳಿದವನು ಉಸಿರುಕಟ್ಟಿ ಸಾಯುವ ಭಯದಿಂದ ಮೊದಲು ದೀಪವನ್ನು ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಹೆಗ್ಗಣದಿಂದ ನಮ್ಮವರು ಕಲಿತರೋ, ನಮ್ಮವರಿಂದ ಹೆಗ್ಗಣ ಕಲಿಯಿತೋ! ಹಗೇವು ಹೋಯಿತು, ಗೋಣಿಚೀಲ ಬಂತು. ಚೀಲಕ್ಕೆ ಹಲ್ಲು ತಾಗಿಸಲು ಹೆಗ್ಗಣಕ್ಕೆ ಅರೆನಿಮಿಷ ಸಾಕು.

ಇನ್ನು ವಿಷದ ಮಾತು. ಇಲಿಯ ಕುಲಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ತಿಂದದ್ದನ್ನು ಹೊರಹಾಕಲಾರದ ಪ್ರಾಣಿ ತಿನ್ನುವ ಮುನ್ನವೇ ಎಚ್ಚರ ವಹಿಸುತ್ತದೆ. ಹೊಸ ತಿಂಡಿ ಕಂಡರೆ ಮೊದಲು ಒಂದು ಚೂರು ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟಿತೋ, ಬದುಕಿ ಉಳಿದರೆ ಆ ತಿಂಡಿಯನ್ನು ಮತ್ತೆ ಮುಟ್ಟುವುದಿಲ್ಲ. ಆದುದರಿಂದಲೇ ಸತುವಿನ ಫಾಸ್ಫೈಡ್ ಬಳಸುವ ಕೃಷಿತಜ್ಞರು ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳನ್ನಿಟ್ಟು ನಂಬಿಕೆ ಹುಟ್ಟಿಸಿ, ಅನಂತರ ವಿಷ ಬೆರೆಸುತ್ತಾರೆ. ಬ್ರೋಮಾಡಿಯೊಲೋನ್ ಎಂಬ ಇನ್ನೊಂದು ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುವುದರಿಂದ ಹೆಗ್ಗಣಕ್ಕೆ ಅನುಮಾನ ಬಾರದು. ಆದರೆ ಹಾಗೆ ಕುಗ್ಗಿದ ಹೆಗ್ಗಣವನ್ನು ಹಿಡಿದು ತಿಂದ ಗೂಬೆಗೂ ಅದೇ ಗತಿ. ಇಷ್ಟಾಗಿಯೂ ಒಬ್ಬನ ಹೊಲದಲ್ಲಿ ಮಾತ್ರ ವಿಷವಿಟ್ಟರೆ, ಖಾಲಿಯಾದ ಸಿದ್ಧ ಬಿಲಗಳಿಗೆ ಪಕ್ಕದ ಹೊಲದವು ಬಾಡಿಗೆಯಿಲ್ಲದೆ ಬಂದು ಸೇರುತ್ತವೆ. ಊರೆಲ್ಲ ಒಂದೇ ವಾರದಲ್ಲಿ ಕೈಗೂಡಿಸಿದರೆ ಮಾತ್ರ ಫಲ.

ಮನೆಯೊಳಗಿನ ವಿಷದ ವಿಚಾರದಲ್ಲಿ ನನ್ನದು ಕಟುವಾದ ಅಭಿಪ್ರಾಯ. ಹಳದಿ ರಂಜಕದ ಇಲಿಪಾಷಾಣ ಹೊಟ್ಟೆ ಸೇರಿದರೆ ಯಕೃತ್ತನ್ನು ಕೆಡಿಸುತ್ತದೆ; ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಗೆ ಅದನ್ನು ತರಲೇಬಾರದು. ಗೋದಾಮಿನ ಕಾಳಿಗೆ ಹುಳ ಬಾರದಂತೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಇನ್ನೂ ಘೋರವಾದುದು. ಅದನ್ನು ತರಬೇತಾದ ಪರಿಣತರ ಹೊರತು ಬೇರೆಯವರು ಬಳಸುವಂತಿಲ್ಲವೆಂದು ನಿಯಮವೇ ಇದೆ. ಆದರೂ ಕಾಳಿನ ಚೀಲಗಳ ನಡುವೆ ಅದನ್ನಿಟ್ಟು, ಪಕ್ಕದ ಕೋಣೆಯಲ್ಲಿ ಮಲಗಿದವರು ಆ ಅನಿಲದಿಂದ ಬೆಳಗಾಗುವಷ್ಟರಲ್ಲಿ ಸತ್ತಿರುವ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ. ಒಂದು ಚೀಲ ಜೋಳ ಉಳಿಸಲು ಹೋಗಿ ಮಗುವನ್ನು ಕಳೆದುಕೊಳ್ಳುವುದು ಯಾವ ಸಂಸಾರಸ್ಥರ ಲೆಕ್ಕ?

ವಿಷಕ್ಕಿಂತ ಹಳೆಯ ಬೇಟೆಗಾರರು ನಮ್ಮ ನಡುವೆಯೇ ಇದ್ದಾರೆ. ನಾವು ಅವರನ್ನು ಹೊಡೆದೋಡಿಸುತ್ತೇವೆ. ಕೇರೆಹಾವು ವಿಷವಿಲ್ಲದ್ದು, ಬಿಲಕ್ಕೇ ನುಗ್ಗಿ ಮರಿಗಳನ್ನು ನುಂಗುವಂಥದು. ಕಂಡಲ್ಲಿ ಅದನ್ನು ದೊಣ್ಣೆಯಿಂದ ಬಡಿಯುತ್ತೇವೆ. ಕಣಜ ಗೂಬೆಗೆ ಇಲಿಯೇ ಮುಖ್ಯ ಆಹಾರ. ಪಾಳು ಗುಮ್ಮಟಗಳ ಸಂದು ಅದಕ್ಕೆ ಮೆಚ್ಚಿನ ಮನೆ. ಬಹಮನಿಯರು ಬಿಟ್ಟುಹೋದ ಗುಮ್ಮಟಗಳಿಗೆ ನಮ್ಮೂರಿನಲ್ಲಿ ಕೊರತೆಯಿಲ್ಲ. ಆದರೆ ಅದು ಮನೆಯ ಮೇಲೆ ಕುಳಿತು ಕೂಗಿದರೆ ಅಪಶಕುನವೆಂದು ಕಲ್ಲೆಸೆಯುತ್ತೇವೆ! ಅದು ಕೂಗುವ ಮನೆಯಲ್ಲಿ ಸಾವು ನಿಶ್ಚಯವೆಂಬುದು ನಿಜವೇ. ಸಾಯುವುದು ಮಾತ್ರ ಹೆಗ್ಗಣ.

ಕಮಲಾಪುರದ ಕಾಕಾ ಜೋಳದ ಹೊಲದಲ್ಲಿ ನಾಲ್ಕು ಕವಲುಗೂಟ ನೆಟ್ಟಿದ್ದಾರೆ, ಗೂಬೆ ಬಂದು ಕೂಡಲೆಂದು. ಬದುವನ್ನು ಅಗಲ ಕಡಿಮೆ ಮಾಡಿ ಕಟ್ಟಿ, ಅದರ ಮೇಲಿನ ಗರಿಕೆಯನ್ನು ಕಿತ್ತಿದ್ದಾರೆ. ದಪ್ಪ ಬದುವಿದ್ದರಲ್ಲವೇ ದೊಡ್ಡ ಮನೆ? ಪಟ್ಟಣದ ನಾವೂ ಮಾಡಬಹುದಾದುದು ಬಹಳವಿಲ್ಲ. ಚೀಲಗಳನ್ನು ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ ಇಡುವುದು. ಆದರೆ ತಗಡಿನ ಡಬ್ಬಿಗೆ ಕಾಳು ಸುರಿಯುವುದು. ರಾತ್ರಿ ಎಂಜಲನ್ನು ಹಿತ್ತಿಲಿಗೆ ಎಸೆಯದಿರುವುದು. ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ. ಹೆಗ್ಗಣದ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಆದುದರಿಂದ ಕಾಲಿನಲ್ಲಿ ಗಾಯವಿರುವವರು ಮಳೆಗಾಲದ ಚರಂಡಿ ನೀರನ್ನು ಬರಿಗಾಲಲ್ಲಿ ತುಳಿಯಬಾರದು. ಬಿಲದ ಕಾಳನ್ನು ಇಂದು ಯಾರೂ ಉಣ್ಣಲಾಗದೆಂಬುದಕ್ಕೂ ಅದೇ ಕಾರಣ, ಜೊತೆಗೆ ಹೊಲಗಳಲ್ಲಿ ಇಡುವ ವಿಷ.

ಫರಸಿಯ ಸಂದಿಯಲ್ಲಿ ಮಣ್ಣೆದ್ದ ಮನೆಯವರು ಸಿಮೆಂಟು ತರುವ ಮೊದಲು ಇಷ್ಟು ಮಾಡಲಿ. ಸಂಜೆ ಮನೆಯ ಒಳಗೂ ಹಿತ್ತಿಲಲ್ಲೂ ಕಂಡ ಬಿಲಗಳನ್ನೆಲ್ಲ ಹಸಿಮಣ್ಣಿನಿಂದ ಮೆತ್ತಿ ಸಮ ಮಾಡಿಡಲಿ. ಬೆಳಿಗ್ಗೆ ಎದ್ದು ಯಾವ ಯಾವ ಬಾಯಲ್ಲಿ ಹೊಸ ಮಣ್ಣು ಬಂದಿದೆಯೋ ಅವನ್ನು ಎಣಿಸಲಿ. ಹತ್ತು ಮುಚ್ಚಿದಲ್ಲಿ ಎರಡು ತೆರೆದಿದ್ದರೆ ಗಾಜಿನ ಚೂರು ಬೆರೆಸಿದ ಗಾರೆ ಬೇಕಾದುದು ಆ ಎರಡಕ್ಕೆ, ಬೋನು ಇಡಬೇಕಾದುದೂ ಅವುಗಳ ಬಾಯಲ್ಲಿಯೇ. ಬೋನಿಗೆ ಶೇಂಗಾಬೀಜ ಒಳ್ಳೆಯದು. ಮೊದಲ ಎರಡು ರಾತ್ರಿ ಬಾಗಿಲು ಕಟ್ಟಿ ತೆರೆದಿಟ್ಟು ಸುಮ್ಮನೆ ತಿನ್ನಲು ಬಿಡಬೇಕು.